ವನ್ಯಜೀವಿ ವಿಜ್ಞಾನ: ಒಲವು ಮತ್ತು ಅಳತೆ

ಹಾಸನ ಜಿಲ್ಲೆಯು ಮಲೆನಾಡೂ ಮೈದಾನವೂ ಸಂಧಿಸುವ ಸೀಮೆ. ಇದರ ಪಶ್ಚಿಮ ಭಾಗದಲ್ಲಿ ಸಕಲೇಶಪುರದ ಘಟ್ಟಗಳೂ ಕಾಫಿಯ ತೋಟಗಳೂ ಇವೆ. ಪೂರ್ವಕ್ಕೆ ಸರಿದಂತೆಲ್ಲ ಮಳೆ ಕಡಿಮೆಯಾಗುತ್ತ, ಚನ್ನರಾಯಪಟ್ಟಣದ ಕಡೆಗೆ ರಾಗಿಯ ಹೊಲ, ತೆಂಗಿನ ತೋಟ, ಕೆರೆ ಮತ್ತು ಕಲ್ಲುಗುಡ್ಡಗಳು ಕಾಣಿಸಿಕೊಳ್ಳುತ್ತವೆ. ನಡುವೆ ಹೇಮಾವತಿಯು ಗೊರೂರಿನ ಅಣೆಕಟ್ಟನ್ನು ದಾಟಿ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುತ್ತಾಳೆ. ದಕ್ಷಿಣದಲ್ಲಿ ಕಾವೇರಿಯು ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳನ್ನು ಸೋಕಿ ಮುಂದುವರಿಯುತ್ತಾಳೆ. ಇಷ್ಟು ಚಿಕ್ಕ ಅಂತರದಲ್ಲಿ ಇಷ್ಟು ಬಗೆಯ ನೆಲವಿರುವುದರಿಂದ ಇಲ್ಲಿ ಬಗೆಬಗೆಯ ಪ್ರಾಣಿಪಕ್ಷಿಗಳೂ ಉಳಿದುಕೊಂಡು ಬಂದಿವೆ.

ಈ ಸೀಮೆಯಲ್ಲಿ ಬೆಳೆಯುವ ಹುಡುಗ ಹುಡುಗಿಯರಿಗೆ ವನ್ಯಜೀವಿ ಎಂಬುದು ಬರಿಯ ಪುಸ್ತಕದ ಮಾತಲ್ಲ. ಅರಕಲಗೂಡಿನ ಕಟ್ಟೇಪುರದ ಕಡೆಯವರು ಆನೆಯ ಹೆಜ್ಜೆಯನ್ನು ತಮ್ಮ ಹೊಲದ ಕೆಸರಿನಲ್ಲಿಯೇ ನೋಡಿದ್ದಾರೆ. ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ಚಿರತೆಯು ಕುರಿಯನ್ನೋ ನಾಯಿಯನ್ನೋ ಹೊತ್ತೊಯ್ದ ಸುದ್ದಿ ಹೊಸದಲ್ಲ. ರಾಮನಾಥಪುರದಲ್ಲಿ ಹೊಳೆಯ ಮೆಟ್ಟಿಲ ಬಳಿ ಭಕ್ತರು ಎರಚುವ ಪುರಿಗೆ ಮುತ್ತುವ ದೊಡ್ಡ ಮೀನುಗಳನ್ನು ಕಂಡು ಬೆರಗಾಗದ ಮಕ್ಕಳು ವಿರಳ. ಇಂಥ ಪರಿಸರದಲ್ಲಿ ಬೆಳೆದ ಕೆಲವರಿಗೆ, ಬದುಕನ್ನೆಲ್ಲ ಈ ಜೀವಿಗಳ ಅಧ್ಯಯನದಲ್ಲಿಯೇ ಕಳೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಹತ್ತನೆಯ ತರಗತಿಯು ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ, ಆ ಆಸೆಯನ್ನು ಬಾಯಿಬಿಟ್ಟು ಹೇಳುವವರೂ ಉಂಟು, ನುಂಗಿಕೊಳ್ಳುವವರೂ ಉಂಟು. ಆದರೆ ಆಸೆಯೇ ಅರ್ಹತೆಯಲ್ಲ. ವನ್ಯಜೀವಿ ವಿಜ್ಞಾನಿಯ ಕೆಲಸವು ನಿಜವಾಗಿ ಎಂಥದು, ಅದು ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದೆ ವರ್ಷಗಳೂ ಹಣವೂ ವ್ಯರ್ಥವಾಗುವುದು ತಪ್ಪುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕಾಡುಪ್ರಾಣಿಗಳಿಗೆ ಸಂಬಂಧಿಸಿದ ಕೆಲಸಗಳೆಲ್ಲವೂ ಒಂದೇ ಅಲ್ಲ. ಅರಕಲಗೂಡಿನ ರೈತನೊಬ್ಬನ ಮುಸುಕಿನ ಜೋಳದ ಹೊಲಕ್ಕೆ ರಾತ್ರಿ ಆನೆ ನುಗ್ಗಿತೆಂದು ಭಾವಿಸೋಣ. ಬೆಳಗಾಗುತ್ತಲೇ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ನಷ್ಟದ ಅಂದಾಜು ಮಾಡುತ್ತಾರೆ, ಆನೆಯನ್ನು ಕಾಡಿನತ್ತ ಅಟ್ಟುತ್ತಾರೆ. ಹಿಡಿಯಲೇಬೇಕೆಂಬ ತೀರ್ಮಾನವಾದರೆ ಪಶುವೈದ್ಯನು ಅರಿವಳಿಕೆಯ ಮದ್ದಿನ ಪ್ರಮಾಣವನ್ನು ನಿರ್ಧರಿಸುತ್ತಾನೆ. ಛಾಯಾಗ್ರಾಹಕನು ಚಿತ್ರ ತೆಗೆಯುತ್ತಾನೆ. ಇವರೆಲ್ಲರ ಕೆಲಸವೂ ಬೇಕಾದುದೇ. ವಿಜ್ಞಾನಿಯಾದರೋ ಅದೇ ಹೊಲದ ಬದುವಿನ ಮೇಲೆ ನಿಂತು ಬೇರೆಯ ಪ್ರಶ್ನೆಗಳನ್ನು ಕೇಳುತ್ತಾನೆ. ಬಂದದ್ದು ಒಂಟಿ ಸಲಗವೋ, ಮರಿಗಳಿರುವ ಹಿಂಡೋ? ಕಳೆದ ವರ್ಷ ಬಂದ ಆನೆಯೇ ಈ ವರ್ಷವೂ ಬಂದಿದೆಯೋ? ಪಕ್ಕದ ಹೊಲವನ್ನು ಬಿಟ್ಟು ಈ ಹೊಲಕ್ಕೇ ಏಕೆ ಬಂದಿತು? ಯಾವ ತಿಂಗಳಲ್ಲಿ ಹೆಚ್ಚು ಬರುತ್ತದೆ? ಹಗಲಲ್ಲಿ ಅದು ಎಲ್ಲಿ ಅಡಗಿತ್ತು? ಈ ಪ್ರಶ್ನೆಗಳಿಗೆ ಒಂದು ಬೆಳಗಿನಲ್ಲಿ ಉತ್ತರ ಸಿಗುವುದಿಲ್ಲ. ಅನೇಕ ವರ್ಷ, ಅನೇಕ ಹೊಲ, ಅನೇಕ ಆನೆಗಳ ಲೆಕ್ಕವಿಟ್ಟಾಗ ಮಾತ್ರ ಸಿಗುತ್ತದೆ. ಆ ಲೆಕ್ಕವೇ ವನ್ಯಜೀವಿ ವಿಜ್ಞಾನ.

ಇಂಥ ಲೆಕ್ಕದಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಅಧ್ಯಯನವು ಒಳ್ಳೆಯ ನಿದರ್ಶನ. ಅವರು 1980ರ ದಶಕದ ಮೊದಲ ವರ್ಷಗಳಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಸೀಮೆಯಲ್ಲಿ ಆನೆಗಳ ಜಾಡನ್ನು ಹಿಡಿದು, ಅವು ಏನು ತಿನ್ನುತ್ತವೆ, ಎಲ್ಲಿ ಸಂಚರಿಸುತ್ತವೆ, ಹೊಲಗಳಿಗೆ ಯಾವಾಗ ಇಳಿಯುತ್ತವೆ ಎಂಬುದನ್ನು ದಾಖಲಿಸಿದರು. ಬೆಳೆದ ಗಂಡಾನೆಗಳು ಹೆಣ್ಣಾನೆಗಳ ಹಿಂಡುಗಳಿಗಿಂತ ಬಹಳ ಹೆಚ್ಚು ಬಾರಿ ಬೆಳೆಗೆ ನುಗ್ಗುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು. ಕಾಡಿನ ಹುಲ್ಲಿಗಿಂತ ರಾಗಿ, ಬತ್ತಗಳಲ್ಲಿ ಪೋಷಕಾಂಶ ಹೆಚ್ಚು. ಅದನ್ನು ತಿಂದು ಬಲಿಷ್ಠವಾದ ಸಲಗಕ್ಕೆ ಸಂತಾನಾಭಿವೃದ್ಧಿಯಲ್ಲಿ ಅನುಕೂಲವಾಗಬಹುದು. ಆದುದರಿಂದ ಅದು ಅಪಾಯಕ್ಕೆ ಅಂಜದೆ ಮುನ್ನುಗ್ಗುತ್ತದೆ. ಮರಿಗಳನ್ನು ಕಟ್ಟಿಕೊಂಡ ಹಿಂಡು ಅಷ್ಟು ಸಾಹಸಕ್ಕೆ ಇಳಿಯುವುದು ಕಡಿಮೆ. ಕಾಡಿನಲ್ಲಿ ಮೇವಿಲ್ಲದುದರಿಂದಲೇ ಆನೆ ಊರಿಗೆ ಬರುತ್ತದೆಂಬ ಸರಳವಾದ ನಂಬಿಕೆಯು ಪೂರ್ತಿ ಸತ್ಯವಲ್ಲವೆಂದು ಇದರಿಂದ ತಿಳಿಯಿತು.

ಹಾಸನ ಜಿಲ್ಲೆಯ ಆನೆಗಳ ಕಥೆಯು ಇನ್ನೊಂದು ಪಾಠವನ್ನು ಹೇಳುತ್ತದೆ. ಆಲೂರು, ಸಕಲೇಶಪುರ, ಅರಕಲಗೂಡುಗಳಲ್ಲಿ ಆನೆಯ ಕಾಟವು ಮಿತಿಮೀರಿದಾಗ, ಉಚ್ಚ ನ್ಯಾಯಾಲಯದ ಸೂಚನೆಯಂತೆ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ವರದಿಯನ್ನು ಒಪ್ಪಿಸಿತು. ಆನೆಗಳು ನೆಮ್ಮದಿಯಾಗಿ ಇರಬೇಕಾದ ಪ್ರದೇಶ, ಆನೆಯೂ ಮನುಷ್ಯನೂ ಹೊಂದಿಕೊಂಡು ಬಾಳಬೇಕಾದ ಪ್ರದೇಶ, ಆನೆಗಳನ್ನು ತೆರವುಗೊಳಿಸಬೇಕಾದ ಪ್ರದೇಶ ಎಂದು ಅದು ಮೂರು ಭಾಗಗಳನ್ನು ಸೂಚಿಸಿತು. ಇದನ್ನು ಅನುಸರಿಸಿ 2014ರ ಸುಮಾರಿಗೆ ಈ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಆದರೂ ಮುಂದಿನ ವರ್ಷಗಳಲ್ಲಿ ತೋಟಗಳಲ್ಲಿ ಆನೆಗಳು ಮತ್ತೆ ನೆಲೆಸಿದವು. ಆಮೇಲೆ ಕೆಲವು ಹಿಂಡುಗಳ ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ತೊಡಿಸಿ, ಅವು ಇರುವ ತಾಣವನ್ನು ತಿಳಿದು, ಸುತ್ತಲಿನ ಜನರಿಗೆ ಮೊಬೈಲಿನ ಮೂಲಕ ಎಚ್ಚರಿಕೆಯನ್ನು ಕಳುಹಿಸುವ ಏರ್ಪಾಡಾಯಿತು. ಬೀಟಮ್ಮ, ಭುವನೇಶ್ವರಿ ಎಂಬ ಹೆಸರಿನ ಹಿಂಡುಗಳು ಇಂದು ಜಿಲ್ಲೆಯ ಜನರಿಗೆಲ್ಲ ಪರಿಚಿತ. ಬೆಳಗಿನ ಜಾವ ತೋಟಕ್ಕೆ ಹೊರಟ ಕೂಲಿಯ ಹೆಣ್ಣುಮಗಳಿಗೆ, ದಾರಿಯಲ್ಲಿ ಆನೆಯಿದೆಯೆಂದು ಅರ್ಧ ಗಂಟೆ ಮೊದಲು ತಿಳಿಯುವುದು ಜೀವ ಉಳಿಸುವ ಸಂಗತಿ. ಈ ವಿಜ್ಞಾನದ ಅರ್ಧಭಾಗವು ಪ್ರಾಣಿಗಳನ್ನು ಕುರಿತದ್ದಾದರೆ ಉಳಿದ ಅರ್ಧವು ಮನುಷ್ಯರನ್ನು ಕುರಿತದ್ದು. ಬೆಳೆ ಕಳೆದುಕೊಂಡು ಸಿಟ್ಟಾದ ರೈತನ ಎದುರಿನಲ್ಲಿ ಕುಳಿತು, ಅವನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಲಾರದವನು ಆನೆಯ ವಿಜ್ಞಾನಿಯಾಗಲಾರನು. ಮನುಷ್ಯರ ಸಹವಾಸ ಬೇಡವೆಂದು ಕಾಡಿಗೆ ಹೋಗಬಯಸುವವರು ಈ ಮಾತನ್ನು ಚೆನ್ನಾಗಿ ಯೋಚಿಸಬೇಕು.

ಈ ಕ್ಷೇತ್ರದಲ್ಲಿ ಅಪಾಯವೂ ಉಂಟು. 2023ರ ಆಗಸ್ಟ್ ತಿಂಗಳಲ್ಲಿ ಆಲೂರು ತಾಲ್ಲೂಕಿನಲ್ಲಿ ಸಲಗವೊಂದಕ್ಕೆ ಅರಿವಳಿಕೆ ನೀಡಲು ಹೋದ ಅನುಭವಿ ಗುರಿಕಾರರೊಬ್ಬರು ಅದರ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅದೇ ವರ್ಷದ ಡಿಸೆಂಬರ್ 4ರಂದು, ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡಿ ಮಡಿಯಿತು. ಅನುಭವವುಳ್ಳವರಿಗೇ ಹೀಗಾಗುವುದಾದರೆ, ಚಪಲಕ್ಕಾಗಿ ಕಾಡಾನೆಯ ಹಿಂದೆ ಹೋಗುವವರ ಗತಿಯೇನು? ಒಳ್ಳೆಯ ವಿಜ್ಞಾನಿಯು ಪ್ರಾಣಿಯಿಂದ ದೂರವಿದ್ದೇ ಹೆಚ್ಚು ತಿಳಿದುಕೊಳ್ಳುತ್ತಾನೆ. ಪ್ರಾಣಿಯನ್ನು ಮುಟ್ಟುವುದು, ಅದರ ಬಳಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಯಾರಿಗೆ ಮುಖ್ಯವೋ ಅವರಿಗೆ ಈ ವೃತ್ತಿ ತಕ್ಕುದಲ್ಲ.

ಹಾಗಾದರೆ ವಿಜ್ಞಾನಿಯ ದಿನವು ಹೇಗೆ ಕಳೆಯುತ್ತದೆ? ಬಹುಪಾಲು ದಿನಗಳು ನಡೆಯುವುದರಲ್ಲಿ, ಕಾಯುವುದರಲ್ಲಿ ಮತ್ತು ಬರೆದುಕೊಳ್ಳುವುದರಲ್ಲಿ ಕಳೆಯುತ್ತವೆ. ಕಾಡಿನಲ್ಲಿ ಮೊದಲೇ ಗುರುತಿಸಿದ ನೇರವಾದ ಹಾದಿಯೊಂದರಲ್ಲಿ ನಸುಕಿನಲ್ಲಿಯೇ ಮೆಲ್ಲನೆ ನಡೆಯಬೇಕು. ಕಂಡ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಬೇಕು. ಪ್ರತಿಯೊಂದು ಗುಂಪೂ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಇದ್ದಿತೆಂದು ಅಳೆದು ಬರೆಯಬೇಕು. ಅದೇ ಹಾದಿಯಲ್ಲಿ ಮತ್ತೆ ಮತ್ತೆ ನಡೆಯಬೇಕು. ಒಂದು ಪ್ರಾಣಿಯೂ ಕಾಣದ ದಿನ 'ಇಲ್ಲ' ಎಂದು ಬರೆಯಬೇಕು. ಏಕೆಂದರೆ 'ಇಲ್ಲ' ಎಂಬುದೂ ಲೆಕ್ಕಕ್ಕೆ ಬೇಕಾದ ಸಂಗತಿಯೇ. ಇನ್ನು ಕೆಲವು ದಿನ ಬಿದ್ದ ಲದ್ದಿಯನ್ನು ಕೂಡಿಹಾಕಿ, ತೊಳೆದು, ಅದರಲ್ಲಿರುವ ಕೂದಲು, ಎಲುಬು, ಬೀಜಗಳನ್ನು ಬೇರ್ಪಡಿಸಬೇಕಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಗಣಕಯಂತ್ರದ ಮುಂದೆ ಕುಳಿತು ಅಂಕಿಗಳನ್ನು ಜೋಡಿಸುವ ಕೆಲಸ. ದೂರದರ್ಶನದಲ್ಲಿ ಅರ್ಧ ಗಂಟೆಯಲ್ಲಿ ಕಾಣುವ ರೋಚಕ ದೃಶ್ಯಗಳ ಹಿಂದೆ ಇಂಥ ನೂರಾರು ಸಪ್ಪೆ ದಿನಗಳಿರುತ್ತವೆ.

ಈ ತಾಳ್ಮೆಯನ್ನು ನಮ್ಮ ರಾಜ್ಯದ ಕಾಡಿನಲ್ಲಿಯೇ ತೋರಿಸಿದವರು ಎ. ಜೆ. ಟಿ. ಜಾನ್‌ಸಿಂಗ್. ತಮಿಳುನಾಡಿನ ಶಿವಕಾಶಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1976ರಿಂದ 1978ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳನ್ನು ಅಧ್ಯಯನ ಮಾಡಿದರು. ಸೀಳುನಾಯಿಯನ್ನು ಕ್ರೂರ ಜಂತುವೆಂದು ಹಳಿದು, ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಕಾಲವೊಂದಿತ್ತು. ಅವರು ಗುಂಪಿನ ಹಿಂದೆ ಕಾಲ್ನಡಿಗೆಯಲ್ಲಿ ಅಲೆದು, ಅದು ಬೇಟೆಯಾಡುವ ಕ್ರಮವನ್ನೂ ಮರಿಗಳನ್ನು ಗುಂಪೆಲ್ಲ ಸೇರಿ ಸಲಹುವ ರೀತಿಯನ್ನೂ ದಾಖಲಿಸಿದರು. ಮುಂದೆ ಅವರು ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಅನೇಕ ವಿದ್ಯಾರ್ಥಿಗಳನ್ನು ತರಬೇತುಗೊಳಿಸಿ, 2024ರಲ್ಲಿ ತೀರಿಕೊಂಡರು. ಕಾಡಿನಲ್ಲಿ ಹೀಗೆ ಅಲೆಯುವ ವಿದ್ವಾಂಸರಿಗೆ ಮೊದಲ ಗುರುಗಳು ಬಹುಮಟ್ಟಿಗೆ ಸೋಲಿಗರು, ಜೇನುಕುರುಬರು ಮೊದಲಾದ ಕಾಡಿನ ಮಕ್ಕಳೇ. ಮುರಿದ ಕಡ್ಡಿಯನ್ನು ಕಂಡು ಪ್ರಾಣಿ ಹಾದುಹೋದ ಹೊತ್ತನ್ನು ಹೇಳಬಲ್ಲ ಅವರ ಮುಂದೆ, ಪದವಿಯ ಹಮ್ಮನ್ನು ಬದಿಗಿಟ್ಟು ಕಲಿಯುವ ವಿನಯವು ಬೇಕು.

ತಾಳ್ಮೆಯ ಜೊತೆಗೆ ಗಣಿತವೂ ಬೇಕು. ಗಣಿತಕ್ಕೆ ಅಂಜಿ ಜೀವವಿಜ್ಞಾನವನ್ನು ಆರಿಸಿಕೊಳ್ಳುವವರು ಅನೇಕರಿದ್ದಾರೆ. ಅವರಿಗೆ ಈ ವಿಷಯವು ಮುಂದೆ ಅಚ್ಚರಿಯನ್ನು ಉಂಟುಮಾಡಬಹುದು. ಚನ್ನರಾಯಪಟ್ಟಣದ ಬಳಿಯ ಕೆರೆಯೊಂದರಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿಯಬೇಕಾಗಿದೆ ಎನ್ನೋಣ. ಕೆರೆಯ ನೀರನ್ನು ಬತ್ತಿಸಿ ಎಣಿಸುವುದು ಸಾಧ್ಯವಿಲ್ಲ. ಆದರೆ 50 ಮೀನುಗಳನ್ನು ಹಿಡಿದು, ಪ್ರತಿಯೊಂದಕ್ಕೂ ಗುರುತು ಮಾಡಿ ಮತ್ತೆ ನೀರಿಗೆ ಬಿಡಬಹುದು. ಕೆಲವು ದಿನಗಳ ಮೇಲೆ ಬಲೆ ಬೀಸಿದಾಗ 40 ಮೀನುಗಳು ಸಿಕ್ಕಿ, ಅವುಗಳಲ್ಲಿ 10ಕ್ಕೆ ಗುರುತಿದ್ದರೆ, ಸಿಕ್ಕ ಮೀನುಗಳ ನಾಲ್ಕನೆಯ ಒಂದು ಭಾಗ ಗುರುತಿನವು ಎಂದಾಯಿತು. ಕೆರೆಯಲ್ಲಿಯೂ ಇದೇ ಪ್ರಮಾಣವಿದ್ದರೆ, ಗುರುತಿನ 50 ಮೀನುಗಳು ಒಟ್ಟು ಮೀನುಗಳ ನಾಲ್ಕನೆಯ ಒಂದು ಭಾಗ. ಎಂದರೆ ಒಟ್ಟು ಸುಮಾರು 200 ಮೀನುಗಳಿವೆ. ಗುರುತು ಅಳಿದಿರಬಾರದು, ಗುರುತಿನ ಮೀನುಗಳು ಉಳಿದವುಗಳೊಡನೆ ಚೆನ್ನಾಗಿ ಬೆರೆತಿರಬೇಕು, ನಡುವೆ ಮೀನುಗಳು ಹೊರಗೆ ಹೋಗಿರಬಾರದು, ಒಳಗೆ ಬಂದಿರಬಾರದು. ಈ ನಿಬಂಧನೆಗಳು ಮುರಿದರೆ ಲೆಕ್ಕವೂ ಮುರಿಯುತ್ತದೆ. ಈ ಲೆಕ್ಕವನ್ನು ಓದುವಾಗ ಮನಸ್ಸಿಗೆ ಹಿಗ್ಗು ಉಂಟಾದರೆ ಅದು ಶುಭಸೂಚನೆ.

ಇದೇ ಉಪಾಯವನ್ನು ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ಅನ್ವಯಿಸಿದರು. ಶಿವರಾಮ ಕಾರಂತರ ಮಗನಾದ ಅವರು ಸುರತ್ಕಲ್ಲಿನಲ್ಲಿ ಓದಿದ್ದು ಯಂತ್ರಶಾಸ್ತ್ರ. ಕೆಲಕಾಲ ಆ ವೃತ್ತಿಯನ್ನೂ ಬೇಸಾಯವನ್ನೂ ಮಾಡಿದ ಮೇಲೆ ಅವರು ವನ್ಯಜೀವಿಗಳ ಅಧ್ಯಯನಕ್ಕೆ ತಿರುಗಿದರು. 1986ರಲ್ಲಿ ನಾಗರಹೊಳೆಯಲ್ಲಿ ಕೆಲಸವನ್ನು ಆರಂಭಿಸಿದರು. ಹುಲಿಗೆ ಗುರುತು ಮಾಡಬೇಕಾದ ಅಗತ್ಯವೇ ಇಲ್ಲ. ಮನುಷ್ಯನ ಬೆರಳಚ್ಚಿನಂತೆ ಪ್ರತಿಯೊಂದು ಹುಲಿಯ ಪಟ್ಟೆಯೂ ಬೇರೆ ಬೇರೆ. ಹುಲಿಯ ಹಾದಿಯ ಎರಡೂ ಬದಿಗೆ, ಅದು ನಡೆದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿದರೆ ಮೈಯ ಎರಡು ಮಗ್ಗುಲೂ ದೊರೆಯುತ್ತವೆ. ಯಾವ ಹುಲಿ ಎಷ್ಟು ಬಾರಿ ಕಾಣಿಸಿತೆಂಬುದರಿಂದ, ಕಾಣಿಸದೆ ಉಳಿದವುಗಳನ್ನೂ ಸೇರಿಸಿ ಅಂದಾಜು ಮಾಡಬಹುದು. 1995ರಲ್ಲಿ ಪ್ರಕಟವಾದ ಈ ವಿಧಾನವು ಮುಂದೆ ದೇಶದೆಲ್ಲೆಡೆ ಬಳಕೆಗೆ ಬಂದಿತು. ಅದಕ್ಕೆ ಮೊದಲು ಹೆಜ್ಜೆಯ ಗುರುತುಗಳನ್ನು ನೋಡಿಯೇ ಹುಲಿಗಳನ್ನು ಎಣಿಸುತ್ತಿದ್ದರು. ಆ ಎಣಿಕೆ ನಂಬತಕ್ಕುದಲ್ಲವೆಂದು ಹೇಳುವುದು ಆಗ ಸುಲಭದ ಮಾತಾಗಿರಲಿಲ್ಲ.

ಇಲ್ಲಿಯೇ ಮೂರನೆಯ ಗುಣದ ಮಾತು ಬರುತ್ತದೆ. ತನಗೆ ಪ್ರಿಯವಾದ ನಂಬಿಕೆಗೆ ವಿರುದ್ಧವಾದ ಉತ್ತರ ದೊರೆತರೂ ಅದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೇ ಆ ಗುಣ. ಪ್ರಾಣಿಯ ಮೇಲೆ ಪ್ರೀತಿ ಹೆಚ್ಚಾದಷ್ಟೂ ಇದು ಕಷ್ಟವಾಗುತ್ತದೆ. ಊರಿನ ಬಳಿ ಕಂಡ ಚಿರತೆಯನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟರೆ ಚಿರತೆಗೂ ಒಳಿತು, ಊರಿಗೂ ಒಳಿತು ಎಂದು ಎಲ್ಲರಿಗೂ ತೋರುತ್ತದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಹೀಗೆ ಹಿಡಿದು ಬಿಟ್ಟ ಚಿರತೆಗಳನ್ನು ಕುರಿತು ವಿದ್ಯಾ ಆತ್ರೇಯ ಅವರು ವಿಚಾರಿಸಿ ನೋಡಿದರು. ಚಿರತೆಗಳನ್ನು ಬಿಟ್ಟ ಸ್ಥಳಗಳ ಸುತ್ತಮುತ್ತ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಾಗಿದ್ದುದು ತಿಳಿದುಬಂದಿತು. ಅಕೋಲೆ ಎಂಬಲ್ಲಿ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಕಬ್ಬಿನ ಗದ್ದೆಗಳ ನಡುವೆಯೇ ಚಿರತೆಗಳು ಜನರಿಗೆ ತಿಳಿಯದಂತೆ ಬಾಳುತ್ತಿರುವುದೂ ಕಂಡುಬಂದಿತು. ಚನ್ನರಾಯಪಟ್ಟಣದ ಕಡೆಯ ಕಲ್ಲುಗುಡ್ಡಗಳಲ್ಲಿ ಚಿರತೆ ಕಾಣಿಸಿದೊಡನೆ ಬೋನು ತರಿಸಿರೆಂದು ಕೂಗುವವರಿಗೂ, ಪ್ರಾಣಿಯನ್ನು ಕಾಡಿಗೆ ಸೇರಿಸಿ ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರಿಗೂ ಇದು ಅಹಿತವಾದ ಉತ್ತರ. ವಿಜ್ಞಾನಿಯು ಇಬ್ಬರ ಮುಂದೆಯೂ ಅದನ್ನು ಹೇಳಬೇಕಾಗುತ್ತದೆ.

ರಾಮನಾಥಪುರದ ಮೀನುಗಳ ವಿಷಯದಲ್ಲಿಯೂ ಹೀಗೆಯೇ. ದೇವರ ಮೀನೆಂಬ ಭಕ್ತಿಯಿಂದ ಅಲ್ಲಿ ಯಾರೂ ಅವನ್ನು ಹಿಡಿಯುವುದಿಲ್ಲ. ಆದುದರಿಂದ ಅವು ಉಳಿದಿವೆಯೆಂದು ಹೇಳುತ್ತೇವೆ. ಮಾತು ನಿಜವಿರಬಹುದು. ಆದರೆ ಹೊಳೆಯಲ್ಲಿ ಮೇಲೆ ಮತ್ತು ಕೆಳಗೆ, ಮೀನು ಹಿಡಿಯುವ ತಾಣಗಳಲ್ಲಿ ಎಷ್ಟು ಮೀನುಗಳಿವೆ? ಮಡುವಿನ ಆಳ, ನೀರಿನ ವೇಗಗಳು ಎಲ್ಲೆಡೆಯೂ ಒಂದೇ ಆಗಿವೆಯೆ? ಭಕ್ತರು ಹಾಕುವ ತಿಂಡಿಯ ಪಾಲು ಎಷ್ಟು, ಹಿಡಿಯದಿರುವುದರ ಪಾಲು ಎಷ್ಟು? ಹೋಲಿಸಿ ನೋಡದೆ ಕಾರಣವನ್ನು ಹೇಳಲಾಗದು. ಭಕ್ತಿಯನ್ನು ಗೌರವಿಸುತ್ತಲೇ ಹೀಗೆ ಪ್ರಶ್ನಿಸಬಲ್ಲ ಮನಸ್ಸು ಈ ಕೆಲಸಕ್ಕೆ ತಕ್ಕ ಮನಸ್ಸು.

ಇಂಥ ಮನಸ್ಸು ತನಗಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಲು ವಿದ್ಯಾರ್ಥಿಯು ದೂರದ ಅಭಯಾರಣ್ಯಕ್ಕೆ ಹೋಗಬೇಕಾಗಿಲ್ಲ. ಪಕ್ಷಿವಿಜ್ಞಾನಿ ಸಾಲಿಂ ಅಲಿಯವರ ಬಾಳಿನ ಒಂದು ಸಂಗತಿ ಇದನ್ನು ಸ್ಪಷ್ಟಪಡಿಸುತ್ತದೆ. ಜರ್ಮನಿಯಲ್ಲಿ ತರಬೇತಿ ಪಡೆದು 1930ರಲ್ಲಿ ಮುಂಬಯಿಗೆ ಮರಳಿದಾಗ, ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ಕೆಲಸವಿಲ್ಲದೆ ಅವರು ಸಮುದ್ರತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ನೆಲೆಸಿ, ಮನೆಯ ಬಳಿಯ ಮರದಲ್ಲಿ ಗೂಡು ಕಟ್ಟುತ್ತಿದ್ದ ಗೀಜಗಗಳನ್ನು ದಿನವೂ ನೋಡುತ್ತ ಕುಳಿತರು. ಗಂಡು ಗೀಜಗವು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿಗೊಳಿಸುತ್ತದೆ. ಬಳಿಕ ಇನ್ನೊಂದು ಹೆಣ್ಣಿಗಾಗಿ ಮತ್ತೊಂದು ಗೂಡನ್ನು ತೊಡಗುತ್ತದೆ. ಶತಮಾನಗಳಿಂದ ಜನರ ಕಣ್ಣೆದುರಿಗೆ ನಡೆಯುತ್ತಿದ್ದ ಈ ವ್ಯವಹಾರವನ್ನು ಕ್ರಮವಾಗಿ ನೋಡಿ ಬರೆದ ಆ ಲೇಖನವು ಅವರಿಗೆ ಹೆಸರನ್ನು ತಂದಿತು. ಮುಂದೆ 1939–40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ನಡೆಸಿದರು.

ಚನ್ನರಾಯಪಟ್ಟಣದ ಈಚಲು, ತೆಂಗಿನ ಮರಗಳಲ್ಲಿಯೂ ಮಳೆಗಾಲದಲ್ಲಿ ಗೀಜಗದ ಗೂಡುಗಳು ತೂಗಾಡುತ್ತವೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯಿದೆ. ಹಾಸನದಲ್ಲಿ ಮನೆಯ ಹಿತ್ತಿಲೇ ಸಾಕು. ಒಂದು ಮರವನ್ನೋ ಕೆರೆಯ ಒಂದು ಮೂಲೆಯನ್ನೋ ಆರಿಸಿಕೊಂಡು, ವಾರಕ್ಕೆ ಎರಡು ದಿನ ಗೊತ್ತಾದ ಹೊತ್ತಿನಲ್ಲಿ ಅರ್ಧ ಗಂಟೆ ಕುಳಿತು, ದಿನಾಂಕ, ವೇಳೆ, ಮಳೆಬಿಸಿಲು, ಕಂಡ ಹಕ್ಕಿಗಳ ಸಂಖ್ಯೆ ಇಷ್ಟನ್ನು ಒಂದು ವರ್ಷ ಬರೆಯುವುದು ಈ ವೃತ್ತಿಯ ಮೊದಲ ಪರೀಕ್ಷೆ. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆಯಲ್ಲಿ ಶಾಲೆಯ ಮಕ್ಕಳೂ ಪಾಲ್ಗೊಳ್ಳಬಹುದು. ಆನೆ, ಚಿರತೆಗಳಿರುವ ಕಡೆಗೆ ಮಾತ್ರ ಯಾರೂ ಒಬ್ಬರೇ ಹೋಗಬಾರದು. ವರ್ಷದ ಕೊನೆಗೆ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವು. ಏನೂ ಕಾಣದ ದಿನವೂ ಪುಸ್ತಕದಲ್ಲಿ ಬರೆದೆನೆ? ಕಾಣದ್ದನ್ನು ಕಂಡೆನೆಂದು ಬರೆಯುವ ಆಸೆಯನ್ನು ತಡೆದೆನೆ? ಮೊದಲ ತಿಂಗಳ ಉತ್ಸಾಹವು ಇಳಿದ ಮೇಲೆ, ನೋಡಬೇಕೆಂಬ ಕುತೂಹಲ ಉಳಿಯಿತೆ? ಹೊಸ ಪ್ರಶ್ನೆ ಯಾವುದಾದರೂ ಹುಟ್ಟಿತೆ?

ಉತ್ತರವು ಹೌದೆಂದಾದರೆ ಮುಂದಿನ ಓದಿನ ದಾರಿಯನ್ನು ತಿಳಿಯಬೇಕು. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದಿ, ಅನಂತರ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳಲ್ಲಿಯೋ ಅರಣ್ಯಶಾಸ್ತ್ರದಲ್ಲಿಯೋ ಪದವಿ ಪಡೆಯುವುದು ಸಾಮಾನ್ಯವಾದ ಕ್ರಮ. ಅರಣ್ಯಶಾಸ್ತ್ರಕ್ಕೆ ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಮಹಾವಿದ್ಯಾಲಯಗಳಿವೆ. ಸ್ನಾತಕೋತ್ತರ ಶಿಕ್ಷಣಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು 1982ರಲ್ಲಿ ಸ್ಥಾಪಿತವಾದ ಭಾರತೀಯ ವನ್ಯಜೀವಿ ಸಂಸ್ಥೆಗಳಿವೆ. ಪ್ರವೇಶಕ್ಕೆ ಪರೀಕ್ಷೆಗಳಿವೆ, ಸ್ಥಾನಗಳು ಕೆಲವೇ. ಸಂಶೋಧನೆಯ ಪದವಿಗೆ ಮತ್ತೆ ಐದಾರು ವರ್ಷಗಳು ಬೇಕು. ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸವೂ ಸಂಖ್ಯಾಶಾಸ್ತ್ರದ ತಿಳಿವಳಿಕೆಯೂ ಅವಶ್ಯ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಎದೆಗುಂದಬೇಕಾಗಿಲ್ಲ. ಹೊಲದ ಬದುವಿನಲ್ಲಿ ರೈತನೊಡನೆ ಅವನ ಮಾತಿನಲ್ಲಿಯೇ ಮಾತನಾಡಬಲ್ಲ ಸಾಮರ್ಥ್ಯವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿಕೊಡಲಾರದು.

ತಂದೆತಾಯಿಗಳ ಆತಂಕವನ್ನೂ ಕಡೆಗಣಿಸಬಾರದು. ಸಾಲ ಮಾಡಿ ಓದಿಸುವ ಮನೆಗೆ, ಮಗನೋ ಮಗಳೋ ಎಂದು ಸಂಪಾದಿಸುವರೆಂಬುದು ಸಣ್ಣ ಪ್ರಶ್ನೆಯಲ್ಲ. ಈ ಕ್ಷೇತ್ರದಲ್ಲಿ ಮೊದಲ ವರ್ಷಗಳ ಕೆಲಸವು ಬಹುಮಟ್ಟಿಗೆ ಯೋಜನೆಗಳನ್ನು ಅವಲಂಬಿಸಿದ್ದು. ಯೋಜನೆ ಮುಗಿದರೆ ಸಂಬಳವೂ ನಿಲ್ಲುತ್ತದೆ. ಕಾಯಂ ಹುದ್ದೆಗಳು ಕಡಿಮೆ. ಮನೆಯಿಂದ ತಿಂಗಳುಗಟ್ಟಲೆ ದೂರವಿರಬೇಕಾಗುತ್ತದೆ. ಇವನ್ನೆಲ್ಲ ಮರೆಮಾಚದೆ ಮನೆಯವರ ಮುಂದಿಟ್ಟು, ಕೈಬಿಟ್ಟರೆ ಬೇರೆ ಯಾವ ದಾರಿಯುಂಟೆಂಬುದನ್ನೂ ಯೋಚಿಸಿ, ಅವರೊಡನೆ ಕೂಡಿ ತೀರ್ಮಾನಿಸುವುದು ವಿವೇಕ.

ಒಂದು ವರ್ಷದ ಪರೀಕ್ಷೆಯ ಮೇಲೆ ಈ ಕೆಲಸವು ತನಗೆ ಒಗ್ಗದೆಂದು ತಿಳಿದರೆ ಅದು ಸೋಲಲ್ಲ. ರೋಗಿಯಾದ ಪ್ರಾಣಿಯನ್ನು ಗುಣಪಡಿಸುವುದರಲ್ಲಿಯೇ ತೃಪ್ತಿ ಕಾಣುವವರಿಗೆ ಹಾಸನದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಕಾಡನ್ನು ಕಾಯುವ ಆಡಳಿತದಲ್ಲಿ ಆಸಕ್ತಿಯುಳ್ಳವರಿಗೆ ಅರಣ್ಯ ಇಲಾಖೆಯ ಪರೀಕ್ಷೆಗಳಿವೆ. ಶಿಕ್ಷಕರಾಗಿ ಮಕ್ಕಳಿಗೆ ಹಕ್ಕಿಗಳನ್ನು ತೋರಿಸುವವರೂ, ಕೆರೆಯ ಅಂಗಳವನ್ನು ಒತ್ತುವರಿಯಾಗದಂತೆ ಕಾಯುವ ಗ್ರಾಮಸ್ಥರೂ, ಆನೆ ಬಂದಾಗ ನೆರೆಯವರಿಗೆ ಎಚ್ಚರಿಕೆ ಹೇಳಿ ಗುಂಪು ಸೇರದಂತೆ ತಡೆಯುವ ರೈತರೂ ವನ್ಯಜೀವಿಗಳಿಗೆ ಮಾಡುವ ಉಪಕಾರವು ವಿಜ್ಞಾನಿಯ ಉಪಕಾರಕ್ಕಿಂತ ಕಡಿಮೆಯದಲ್ಲ.

ಪ್ರಾಣಿಗಳ ಮೇಲಿನ ಒಲವು ಅನೇಕರಿಗೆ ಇರುತ್ತದೆ. ಆ ಒಲವನ್ನು ದಿನದಿನದ ಅಳತೆಗೆ ಒಪ್ಪಿಸಿ, ಅಳತೆಯು ಹೇಳಿದುದನ್ನು ಒಪ್ಪಿಕೊಳ್ಳುವ ಸ್ವಭಾವ ಕೆಲವರಿಗೆ ಮಾತ್ರ ಇರುತ್ತದೆ. ಅಂಥವರಿಗಾಗಿ ಅರಕಲಗೂಡಿನ ಹೊಲಗಳಲ್ಲಿಯೂ ಚನ್ನರಾಯಪಟ್ಟಣದ ಗುಡ್ಡಗಳಲ್ಲಿಯೂ ಇನ್ನೂ ಬಿಡಿಸದ ಪ್ರಶ್ನೆಗಳು ಅನೇಕ ಉಳಿದಿವೆ. ನೂರು ಪುಟದ ಒಂದು ನೋಟುಪುಸ್ತಕವನ್ನು ಇಂದು ತೊಡಗಿದವರಿಗೆ, ಅದು ತುಂಬುವಷ್ಟರಲ್ಲಿ, ಈ ದಾರಿ ತಮ್ಮದೋ ಅಲ್ಲವೋ ಎಂಬುದು ಬೇರೆಯವರು ಹೇಳದೆಯೇ ತಿಳಿದಿರುತ್ತದೆ.